ಕುದುರೆ ಎದೆಯ ಕಾರ್ವೆ

ಜೆ.ಪಿ. ನಗರದ ಒಂದು ಛತ್ರದ ಮುಂದೆ, ಹೊಂಗೆ ನೆರಳಲ್ಲಿ, ಮದುಮಗನಿಗಾಗಿ ಕಾಯುತ್ತಿತ್ತು ಬಿಳಿ ಕುದುರೆ. ಜೊತೆಗಿದ್ದ ಪಶುವೈದ್ಯ ಗೆಳೆಯನಿಗೆ ಕೈ ಸುಮ್ಮನಿರಲಿಲ್ಲ. ಅದರ ಎಡ ಮೊಣಕೈ ಹಿಂದಕ್ಕೆ ಸ್ಟೆತಾಸ್ಕೋಪ್ ತೂರಿಸಿ, ಇನ್ನೊಂದು ತುದಿ ನನ್ನ ಕಿವಿಗೆ ಕೊಟ್ಟ. ಲಬ್-ಡಬ್, ಲಬ್-ಡಬ್, ಲಬ್-ಡಬ್. ಆಮೇಲೆ ಏನೂ ಇಲ್ಲ. ನನ್ನ ಎದೆಯೇ ಧಸಕ್ಕೆಂದಿತು. ಅಷ್ಟರಲ್ಲಿ ಮತ್ತೆ ಲಬ್-ಡಬ್.

"ಹಾರ್ಟ್ ಪ್ರಾಬ್ಲಮ್ಮಾ ಸಾರ್?" ನನ್ನ ಮುಖ ನೋಡಿ ಕುದುರೆಯವನು ಕೇಳಿದ.

"ಏನಿಲ್ಲಪ್ಪ, ಆರಾಮಾಗಿದೆ," ಎಂದ ಗೆಳೆಯ. ನನಗೆ: "ಬ್ಯಾಂಡು ಶುರುವಾಗ್ಲಿ, ಆಗ ಕೇಳು."

ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ 200 ದಾಟುತ್ತದೆ. ಇಷ್ಟು ಜೋರಿನ ಯಂತ್ರವನ್ನು ಬಿಡುವಿನಲ್ಲಿ ಹಿಡಿದಿಡುವ ಲಗಾಮು ವೇಗಸ್ ನರ. ಅದು ಬಿಗಿದಾಗ, ಹೃತ್ಕರ್ಣದಿಂದ ಹೊರಟ ವಿದ್ಯುತ್ ಸಂಕೇತ ಆಗೊಮ್ಮೆ ಈಗೊಮ್ಮೆ ಕೆಳಗಿನ ಹೃತ್ಕುಕ್ಷಿಗೆ ಇಳಿಯುವುದೇ ಇಲ್ಲ. ಇಸಿಜಿಯಲ್ಲಿ ಪಿ ಅಲೆ ಇರುತ್ತದೆ, ಹಿಂದೆಯೇ ಬರಬೇಕಾದ ಕ್ಯೂಆರ್‌ಎಸ್ ಇರುವುದಿಲ್ಲ: ಕರೆಗಂಟೆ ಒತ್ತಿದ್ದಾರೆ, ಬಾಗಿಲು ತೆಗೆದಿಲ್ಲ. ವಯಸ್ಸಾದವರ ಇಸಿಜಿಯಲ್ಲಿ ಈ ಖಾಲಿ ಕಂಡರೆ ನಮ್ಮ ಜಯದೇವ ಹೃದ್ರೋಗ ಆಸ್ಪತ್ರೆಯ ವೈದ್ಯರು ಸುಮ್ಮನೆ ಬಿಡುವುದಿಲ್ಲ, ಪೇಸ್‌ಮೇಕರ್ ಮಾತೂ ಬರಬಹುದು. ಕುದುರೆಗೆ ಇದು ಬರೀ ವಿಶ್ರಾಂತಿ. ಮೃದಂಗದವರು ಬಿಡುವ ಕಾರ್ವೆಯ ಹಾಗೆ, ತಾಳ ಕೆಟ್ಟಿರುವುದಿಲ್ಲ.

ಹಾಗಾಗಿ ಮನುಷ್ಯರ ಇಸಿಜಿ ಓದಿದ ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಕುದುರೆಯ ಪಿ ಅಲೆಗೆ ಎರಡು ಗೂನು ಇರುವುದು ಮಾಮೂಲು. ಟಿ ಅಲೆ ಸ್ವಲ್ಪ ಬೆದರಿದರೂ ಮಗುಚಿಕೊಳ್ಳುತ್ತದೆ. ವಿದ್ಯುತ್ ಹಂಚುವ ಪುರ್ಕಿಂಜೆ ಎಳೆಗಳು ನಮ್ಮಲ್ಲಿ ಹೃದಯದ ಒಳಪದರದಲ್ಲೇ ಹರಡಿರುತ್ತವೆ. ಕುದುರೆಯಲ್ಲಿ ಸ್ನಾಯುವಿನ ಆಳಕ್ಕೂ ಇಳಿದಿರುತ್ತವೆ. ಗೋಡೆಯ ಬಹುಭಾಗ ಹೆಚ್ಚುಕಮ್ಮಿ ಒಟ್ಟಿಗೇ ಚುರುಕಾಗುವುದರಿಂದ, ಅಲೆಯ ಎತ್ತರ ಅಳೆದು ಹೃದಯ ದೊಡ್ಡದಾಗಿದೆಯೇ ಎಂದು ಹೇಳಲಾಗದು. ಅದಕ್ಕೆ ಎಕೋ ಬೇಕು. ಇಸಿಜಿಯನ್ನು ಕೇಳಬೇಕಾದ್ದು ಲಯವನ್ನು ಮಾತ್ರ. ಅದಕ್ಕೆ ಕತ್ತಿನ ಬುಡದಲ್ಲೊಂದು, ಎಡ ಮೊಣಕೈ ಹಿಂದೊಂದು ಕ್ಲಿಪ್ಪು, ಇನ್ನೊಂದು ಎಲ್ಲಾದರೂ ದೂರದಲ್ಲಿ. ಕೂದಲಿಗೆ ಒಂದಿಷ್ಟು ಸ್ಪಿರಿಟ್ ಸವರಿದರಾಯಿತು.

ನಿಜವಾದ ಕೇಡು ಹೃತ್ಕರ್ಣದ ಕಂಪನ. ಪಿ ಅಲೆ ಮಾಯವಾಗಿ ಗೆರೆಯೆಲ್ಲ ಸಣ್ಣಗೆ ನಡುಗುತ್ತಿರುತ್ತದೆ, ಬಡಿತಗಳ ನಡುವಿನ ಅಂತರಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ಕುದುರೆಯ ಹೃತ್ಕರ್ಣ ದೊಡ್ಡದು, ದಾರಿ ತಪ್ಪಿದ ಅಲೆಗಳು ಅಲೆದಾಡಲು ಜಾಗ ಧಾರಾಳ. ಹೃದಯದಲ್ಲಿ ಬೇರೆ ರೋಗವೇ ಇಲ್ಲದೆಯೂ ಇದು ಶುರುವಾಗಬಹುದು. 20ನೇ ಶತಮಾನದ ಆರಂಭದಲ್ಲೇ ಲಂಡನ್ನಿನ ಥಾಮಸ್ ಲೂಯಿಸ್ ಇಂಥ ಕುದುರೆಯ ಎದೆ ತೆರೆದು, ನಡುಗುವ ಹೃತ್ಕರ್ಣಗಳನ್ನು ಕಣ್ಣಾರೆ ಕಂಡಿದ್ದ. ಲಾಯದಲ್ಲಿ ಹುಲ್ಲು ಮೇಯುವಾಗ ಬಡಿತದ ಸಂಖ್ಯೆ ಸರಿಯಾಗಿಯೇ ಇರಬಹುದು. ರೇಸ್‌ನ ಕೊನೆಯಲ್ಲಿ ಕುದುರೆ ಇದ್ದಕ್ಕಿದ್ದಂತೆ ಹಿಂದೆ ಬಿದ್ದಾಗ ಬೈಗುಳ ಜಾಕಿಗೆ! ಕೆಲವು ಸಲ ತಾನಾಗಿಯೇ ಲಯ ಮರಳುತ್ತದೆ. ಇಲ್ಲವಾದರೆ ಮೂಗಿನ ನಳಿಕೆಯಲ್ಲಿ ಕ್ವಿನಿಡಿನ್ ಔಷಧ, ಇಲ್ಲವೇ ಅರಿವಳಿಕೆ ಕೊಟ್ಟು ಹೃದಯದೊಳಗೇ ವಿದ್ಯುತ್ ಆಘಾತ.

ಬ್ಯಾಂಡಿನವನು ಡ್ರಮ್ಮಿಗೆ ಮೊದಲ ಏಟು ಹಾಕಿದ. ಕುದುರೆ ಕಿವಿ ನಿಮಿರಿಸಿತು. ಸ್ಟೆತಾಸ್ಕೋಪ್ ಇನ್ನೂ ನನ್ನ ಕಿವಿಯಲ್ಲೇ ಇತ್ತು. ಲಬ್-ಡಬ್, ಲಬ್-ಡಬ್, ಲಬ್-ಡಬ್, ಲಬ್-ಡಬ್. ಹತ್ತು, ಹದಿನೈದು, ಇಪ್ಪತ್ತರವರೆಗೆ ಎಣಿಸಿದೆ. ಒಂದೂ ತಪ್ಪಲಿಲ್ಲ.

"ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಹುಡುಗ ಹತ್ತಬೇಕು."