ಉಳಿತಾಯಕ್ಕೆ ಜಾಸ್ತಿ ಬಡ್ಡಿ: ಖಾತೆ ಬದಲಿಸೋ ಮುಂಚೆ
ಮೆಕ್ಕೆಜೋಳ ಮಾರಿದ ದುಡ್ಡು ಬಿತ್ತನೆವರೆಗೂ ಉಳಿತಾಯ ಖಾತೆಯಲ್ಲೇ ಇರುತ್ತಲ್ವಾ? 1 ಲಕ್ಷಕ್ಕೆ ಆರು ತಿಂಗಳಲ್ಲಿ ಶೇ 2.5ರಂತೆ 1,250 ರೂಪಾಯಿ ಬಡ್ಡಿ. ಅಂಚೆ ಕಚೇರಿಯ ಶೇ 4ರಂತೆ 2,000. ಅದಕ್ಕೇ ನಾನು ಅಂಚೆಯಲ್ಲಿ ಎರಡನೇ ಖಾತೆ ತೆರೆದೆ. ಹಳೆಯದನ್ನು ಮುಚ್ಚಲಿಲ್ಲ, ಬೆಳೆಸಾಲ, ಪಿಎಂ ಕಿಸಾನ್ ಎಲ್ಲ ಅಲ್ಲೇ ಇವೆ.

ಮೂರು ವಿಷಯ ಗಮನಿಸಿ:

1. ಅಂಚೆ ಖಾತೆಗೆ ತಿಂಗಳ 10ರೊಳಗೆ ದುಡ್ಡು ಕಟ್ಟಿ. 10ರಿಂದ ತಿಂಗಳ ಕೊನೆವರೆಗಿನ ಕನಿಷ್ಠ ಮೊತ್ತಕ್ಕಷ್ಟೇ ಬಡ್ಡಿ.

2. ಹೊಸ ಖಾತೆಯ ಅರ್ಜಿಯಲ್ಲಿ ಸಬ್ಸಿಡಿಗೆ ಆಧಾರ್ ಜೋಡಿಸಲು ಒಪ್ಪಿದರೆ ಸರ್ಕಾರದ ದುಡ್ಡು ಅಲ್ಲಿಗೇ ಹೋಗುತ್ತೆ. ಬೇಡ ಅಂದ್ರೆ ಟಿಕ್ ಹಾಕಬೇಡಿ.

3. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಜಾಸ್ತಿ ಬಡ್ಡಿ ಕೊಡೋ ಊರಿನ ಸೊಸೈಟಿಗೆ ಆ ವಿಮೆ ಇಲ್ಲ.