ಬಂದ್ ಆದ ರೈಡಿನ ಮುಂದೆ ನಿಂತಾಗ



ಶಾಲಾ ಪ್ರವಾಸದ ಮಾತು ಬಂದರೆ ನಿಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಥೀಮ್ ಪಾರ್ಕ್. ಅರಮನೆ, ಮ್ಯೂಸಿಯಂ ಎಲ್ಲ ಆಮೇಲೆ. ಕಳೆದ ವರ್ಷ ಕಾಸರಗೋಡಿನ ನಮ್ಮ ಶಾಲೆಯಿಂದಲೂ ಎರಡು ಬಸ್ಸು ಮಾಡಿಕೊಂಡು ಹೋಗಿದ್ದೆವು. ಬೆಳಗಿನ ಜಾವ ಐದಕ್ಕೆ ಹೊರಟು, ದಾರಿಯಲ್ಲಿ ಇಡ್ಲಿ ತಿಂದು, ಗೇಟಿನ ಒಳಗೆ ಕಾಲಿಡುವಾಗ ಹನ್ನೊಂದು ಗಂಟೆ. ಆ ದಿನ ಮೂರು ದೊಡ್ಡ ರೈಡುಗಳು ಬಂದ್. ಅದರಲ್ಲಿ ಒಂದು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು, ಮತ್ತೆ ಮುಚ್ಚಿತು.

ನಮ್ಮ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ರೋಲರ್ ಕೋಸ್ಟರಿನ ಸಾಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದಳು. ಅವಳ ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ಪ್ರವಾಸದ ಹಣವನ್ನು ಮೂರು ಕಂತಿನಲ್ಲಿ ಕೊಟ್ಟದ್ದು ನನಗೆ ಗೊತ್ತಿತ್ತು. ಅವಳ ಮುಂದೆ ಎಂಟೇ ಜನ ಇರುವಾಗ ಬಂಡಿ ನಿಂತಿತು, ಹಗ್ಗ ಅಡ್ಡ ಬಂತು. "ಸರ್, ನಾವು ಇಷ್ಟು ದೂರ ಬಂದದ್ದು ಇದಕ್ಕೇ ಅಲ್ವಾ?" ಎಂದಳು.

ನನಗೆ ಸಿಟ್ಟು ಬಂತು. ಅಲ್ಲಿದ್ದ ಆಪರೇಟರ್ ಹುಡುಗನಿಗೆ, "ನೆಟ್ಟಗಿನ ಒಂದು ಗಾಡಿ ಇಡ್ಲಿಕ್ಕೆ ಆಗುವುದಿಲ್ಲವಾ ನಿಮಗೆ?" ಎಂದು ಎಲ್ಲರ ಎದುರೇ ಜೋರು ಮಾಡಿದೆ. ಅವನು ಸಿಟ್ಟಾಗಲಿಲ್ಲ. "ಸರ್, ಒಂದು ಸೀಟಿನ ಲಾಕ್ ಕೂತಿದೆ ಅಂತ ಮೆಷಿನ್ ಒಪ್ತಾ ಇಲ್ಲ. ಅದು ಒಪ್ಪದೆ ನಾನು ಬಿಡ್ಲಿಕ್ಕೆ ಇಲ್ಲ" ಎಂದ, ಅಷ್ಟೆ.

ವಿಜ್ಞಾನ ಕಲಿಸುವವನು ನಾನು. ಆ ಹೊತ್ತಿನಲ್ಲಿ ವಿಜ್ಞಾನ ಮಾತಾಡಿದವನು ಅವನು. ಊರಿಗೆ ಬಂದ ಮೇಲೆ ಕೂತು ಓದಿದೆ. ಓದಿದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಎಂಜಿನ್ ಇಲ್ಲದ ಬಂಡಿ

ರೋಲರ್ ಕೋಸ್ಟರಿನ ಬಂಡಿಯಲ್ಲಿ ಸಾಮಾನ್ಯವಾಗಿ ಎಂಜಿನ್ ಇರುವುದಿಲ್ಲ. ಮೊದಲ ಗುಡ್ಡಕ್ಕೆ ಅದನ್ನು ಸರಪಳಿ ಎಳೆದುಕೊಂಡು ಹೋಗುತ್ತದೆ. ಏರುವಾಗ ಅದಕ್ಕೆ ಸಿಗುವುದು ಪ್ರಚ್ಛನ್ನ ಶಕ್ತಿ. ಇಳಿಯುವಾಗ ಅದೇ ಚಲನ ಶಕ್ತಿಯಾಗುತ್ತದೆ. (ನಿಮ್ಮ ರಾಜ್ಯದ ಪುಸ್ತಕದಲ್ಲಿ ಈ ಹೆಸರುಗಳು ಬೇರೆ ಇರಬಹುದು, ವಿಷಯ ಒಂದೇ.) 30 ಮೀಟರ್ ಎತ್ತರದಿಂದ ಇಳಿದ ಬಂಡಿಗೆ, ಘರ್ಷಣೆ ಬಿಟ್ಟು ಲೆಕ್ಕ ಮಾಡಿದರೆ, ಕೆಳಗೆ ಸೆಕೆಂಡಿಗೆ ಸುಮಾರು 24 ಮೀಟರ್ ವೇಗ. ಅಂದರೆ ಗಂಟೆಗೆ 87 ಕಿಲೋಮೀಟರ್. ನಮ್ಮ ಬಸ್ಸು ಆ ದಿನ ಅಷ್ಟು ಜೋರು ಓಡಿರಲಿಲ್ಲ!

ಘರ್ಷಣೆ ಮತ್ತು ಗಾಳಿ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಶಕ್ತಿ ಕದಿಯುತ್ತವೆ. ಹಾಗಾಗಿ ಮುಂದಿನ ಗುಡ್ಡಗಳು ಮೊದಲಿನದ್ದಕ್ಕಿಂತ ಗಿಡ್ಡ. ಕದ್ದದ್ದು ಲೆಕ್ಕಕ್ಕಿಂತ ಹೆಚ್ಚಾದರೆ ಬಂಡಿ ಮುಂದಿನ ಗುಡ್ಡ ಹತ್ತಲಾರದೆ ತಗ್ಗಿನಲ್ಲಿ ಹಿಂದೆ ಮುಂದೆ ಓಲಾಡಿ ನಿಲ್ಲುತ್ತದೆ. ಚಳಿಯ ಬೆಳಿಗ್ಗೆ ಚಕ್ರದ ಗ್ರೀಸು ಗಟ್ಟಿಯಾಗಿದ್ದರೂ ಬಂಡಿ ನಿಧಾನವಾಗುತ್ತದೆ. ಆದ್ದರಿಂದಲೇ ಜನರನ್ನು ಹತ್ತಿಸುವ ಮೊದಲು ಖಾಲಿ ಬಂಡಿಯನ್ನು ಓಡಿಸಿ ನೋಡುತ್ತಾರೆ. ಬೆಳಿಗ್ಗೆ ರೈಡ್ ತಡವಾಗಿ ತೆರೆದರೆ ಅಲ್ಲಿ ಯಾರೋ ಮಲಗಿದ್ದಾರೆ ಎಂದುಕೊಳ್ಳಬೇಡಿ.

ಒಂದು ತುಂಡಿಗೆ ಒಂದೇ ಬಂಡಿ

ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಸ್ಟೇಷನ್ ಇಲ್ಲದ ಕಡೆ ರೈಲು ಸುಮ್ಮನೆ ನಿಂತದ್ದನ್ನು ನೋಡಿದ್ದೀರಲ್ಲ? ಮುಂದಿನ ತುಂಡು ಹಳಿಯಲ್ಲಿ ಇನ್ನೊಂದು ರೈಲಿದ್ದರೆ ಸಿಗ್ನಲ್ ಕೆಂಪು. ಒಂದಕ್ಕಿಂತ ಹೆಚ್ಚು ಬಂಡಿ ಓಡುವ ರೋಲರ್ ಕೋಸ್ಟರಿನಲ್ಲೂ ಇದೇ ಕ್ರಮ. ಹಳಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಒಂದು ತುಂಡಿನಲ್ಲಿ ಒಂದೇ ಬಂಡಿ. ಮುಂದಿನದ್ದು ಖಾಲಿಯಾಗಿದೆ ಎಂದು ಸೆನ್ಸರ್ ಹೇಳದಿದ್ದರೆ ಹಿಂದಿನ ಬಂಡಿಗೆ ಬಿಡುಗಡೆ ಇಲ್ಲ. ಬಂಡಿಯನ್ನು ಬೇಕಾದಲ್ಲೆಲ್ಲ ನಿಲ್ಲಿಸಲಿಕ್ಕೆ ಬರುವುದಿಲ್ಲ. ಬ್ರೇಕು ಬಂಡಿಯಲ್ಲಿ ಅಲ್ಲ, ಹಳಿಯ ಕೆಲವು ಜಾಗಗಳಲ್ಲಿ ಇರುವುದು. ಆದ್ದರಿಂದ ಸಂಶಯ ಬಂದರೆ ಅಲ್ಲಿಗೆ ತಲುಪಿದಾಗಲೇ ತಡೆಯಬೇಕು.

ಉಲ್ಟಾ ಬ್ರೇಕು

ಸೈಕಲ್ಲಿನಲ್ಲಿ ಒತ್ತಿದರೆ ಬ್ರೇಕು ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ಇಂಥ ರೈಡುಗಳ ಬ್ರೇಕು ಅದಕ್ಕೆ ಉಲ್ಟಾ. ಸ್ಪ್ರಿಂಗು ಅದನ್ನು ಯಾವಾಗಲೂ ಒತ್ತಿ ಹಿಡಿದಿರುತ್ತದೆ. ಬಂಡಿ ಹೋಗಬೇಕಾದರೆ ಒತ್ತಿದ ಗಾಳಿ ಬಂದು ಅದನ್ನು ತೆರೆಯಬೇಕು. ಕರೆಂಟು ಹೋಯಿತು, ಗಾಳಿಯ ಪೈಪು ಒಡೆಯಿತು ಎಂದಿಟ್ಟುಕೊಳ್ಳಿ. ತೆರೆಯುವವರಿಲ್ಲ, ಬ್ರೇಕು ತಾನಾಗಿ ಹಿಡಿಯಿತು. ರೈಲಿನಲ್ಲೂ ಪೈಪಿನ ಗಾಳಿಯ ಒತ್ತಡ ಇಳಿದಾಗಲೇ ಬ್ರೇಕು ಬೀಳುವುದು. ಸರಪಳಿ ಎಳೆದಾಗ ಆಗುವುದೂ ಅದೇ.

ಗುಡ್ಡ ಏರುವಾಗ ಟಕ ಟಕ ಟಕ ಎಂದು ಕೇಳುವ ಸದ್ದೂ ಇದೇ ಜಾತಿಯದ್ದು. ಬಂಡಿಯ ಅಡಿಯ ಕೊಕ್ಕೆ ಹಳಿಯ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು ಅದು. ಅರ್ಧದಲ್ಲಿ ಸರಪಳಿ ನಿಂತರೂ ಬಂಡಿ ಹಿಂದಕ್ಕೆ ಜಾರದೆ ಹಲ್ಲಿಗೆ ಕೊಕ್ಕೆ ಹಾಕಿ ಕೂರುತ್ತದೆ.

ಒಟ್ಟಿನಲ್ಲಿ, ಏನು ಕೆಟ್ಟರೂ ನಿಲ್ಲುವ ಕಡೆಗೇ ಕೆಡಬೇಕು. ಇದನ್ನು ಮೊದಲೇ ಯೋಚಿಸಿ ಕಟ್ಟಿರುತ್ತಾರೆ. ಸೀಟಿನ ಲಾಕಿಗೆ ಎಷ್ಟೋ ಕಡೆ ಎರಡು ಸೆನ್ಸರ್ ಇರುತ್ತದೆ. ಒಂದು "ಕೂತಿದೆ" ಎಂದು, ಇನ್ನೊಂದು "ಕೂತಿಲ್ಲ" ಎಂದರೆ, ಮೆಷಿನ್ ಎರಡನೆಯದ್ದರ ಮಾತು ಕೇಳುತ್ತದೆ.

ಮಳೆ, ಗಾಳಿ, ಮಿಂಚು

ಯಂತ್ರ ಸರಿಯಿದ್ದೂ ಹವೆಯಿಂದಾಗಿ ನಿಲ್ಲಿಸುವುದುಂಟು. ಗಾಳಿಯ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಕೆಳಗೆ ನಿಂತ ನಮಗೆ ತಂಪು ಗಾಳಿ ಅನ್ನಿಸಿದ್ದು ಮೂವತ್ತು ಮೀಟರ್ ಮೇಲೆ ಬೇರೆಯೇ ಆಗಿರಬಹುದು.

ಮಿಂಚಿನ ಲೆಕ್ಕವನ್ನು ನೀವೇ ಮಾಡಬಹುದು. ಶಬ್ದ ಒಂದು ಕಿಲೋಮೀಟರ್ ಬರಲಿಕ್ಕೆ ಸುಮಾರು ಮೂರು ಸೆಕೆಂಡು ಬೇಕು. ಮಿಂಚಿದ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರಿನ ಒಳಗೇ ಉಂಟು. ಗಟ್ಟಿ ಕಟ್ಟಡದ ಒಳಗೆ ಹೋಗಿ. ಕೊನೆಯ ಗುಡುಗಿನ ನಂತರವೂ 30 ನಿಮಿಷ ಹೊರಗೆ ಬರಬೇಡಿ. ತುಲಾ ತಿಂಗಳ ಸಂಜೆಯ ಗುಡುಗು ಮಳೆ ಕಂಡ ನಮಗೆ ಇದು ಪಾರ್ಕಿನಲ್ಲಿ ಮಾತ್ರ ಅಲ್ಲ, ಗದ್ದೆಯಲ್ಲೂ ಆಟದ ಬಯಲಿನಲ್ಲೂ ಬೇಕಾದ ಪಾಠ.

ಮೆಷಿನಿನ ಮಾತು ಕೇಳದ ದಿನ

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಎಂಬ ಪಾರ್ಕಿನಲ್ಲಿ 'ಸ್ಮೈಲರ್' ಎಂಬ ರೋಲರ್ ಕೋಸ್ಟರ್ ಇದೆ. ಒಂದೇ ಸುತ್ತಿನಲ್ಲಿ 14 ಸಲ ತಲೆಕೆಳಗು ಮಾಡುವ ರೈಡ್ ಅದು. 2015ರ ಜೂನ್ 2ರಂದು ಅದು ತೊಂದರೆ ಕೊಟ್ಟಿತ್ತು. ಪರೀಕ್ಷೆಗೆಂದು ಬಿಟ್ಟ ಖಾಲಿ ಬಂಡಿಯೊಂದು ದಾರಿ ಮಧ್ಯದ ತಗ್ಗಿನಲ್ಲಿ ನಿಂತುಹೋಯಿತು. ಗಾಳಿಯೂ ಜೋರಿತ್ತು. ಹಿಂದಿನ ಬಂಡಿಯಲ್ಲಿ 16 ಜನ. ಮುಂದಿನ ತುಂಡು ಖಾಲಿ ಇಲ್ಲವಾದ್ದರಿಂದ ಕಂಪ್ಯೂಟರು ಆ ಬಂಡಿಯನ್ನು ತಡೆದು ನಿಲ್ಲಿಸಿತು. ಅದು ಮಾಡಬೇಕಾದ್ದನ್ನೇ ಮಾಡಿತು.

ಆದರೆ ಅಲ್ಲಿದ್ದ ಎಂಜಿನಿಯರುಗಳಿಗೆ ನಿಂತ ಬಂಡಿ ಕಂಡಿರಲಿಲ್ಲ. ಕಂಪ್ಯೂಟರೇ ತಪ್ಪು ಹೇಳುತ್ತಿದೆ ಎಂದುಕೊಂಡು, ಅದರ ತಡೆಯನ್ನು ದಾಟಿ ಬಂಡಿಯನ್ನು ಬಿಟ್ಟರು. ಅದು ಹೋಗಿ ಖಾಲಿ ಬಂಡಿಗೆ ಗುದ್ದಿತು. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬ ಸರಿಯಾದ ಕ್ರಮವನ್ನೇ ಕಂಪೆನಿ ಹಾಕಿಕೊಟ್ಟಿರಲಿಲ್ಲ ಎಂದು ತನಿಖೆಯಲ್ಲಿ ತಿಳಿಯಿತು. 2016ರಲ್ಲಿ ಕೋರ್ಟು ಕಂಪೆನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು.

ಮಕ್ಕಳೇ, ಯಂತ್ರ ಎರಡು ರೀತಿ ತಪ್ಪಬಹುದು. ಅಪಾಯ ಇಲ್ಲದಾಗ ನಿಲ್ಲುವುದು ಒಂದು. ಅಪಾಯ ಇದ್ದಾಗ ನಿಲ್ಲದೆ ಇರುವುದು ಇನ್ನೊಂದು. ಮೊದಲನೆಯದ್ದಕ್ಕೆ ನಾವು ತೆರುವುದು ಒಂದು ಗಂಟೆ. ಎರಡನೆಯದ್ದಕ್ಕೆ ಏನೆಂದು ಈಗ ಓದಿದಿರಿ. ಎರಡನೆಯ ತಪ್ಪು ಆಗದ ಹಾಗೆ ಕಟ್ಟಿದ ಯಂತ್ರ ಮೊದಲನೆಯ ತಪ್ಪನ್ನು ಆಗಾಗ ಮಾಡಿಯೇ ಮಾಡುತ್ತದೆ. "ಏನೂ ಆಗುವುದಿಲ್ಲ, ಬಿಡಿ ಮಾರಾಯ್ರೆ" ಎಂದು ಆಪರೇಟರಿಗೆ ಒತ್ತಾಯ ಮಾಡುವವರು ಯಾವುದನ್ನು ಕೇಳುತ್ತಿದ್ದಾರೆ ಎಂದು ಯೋಚಿಸಿ. ಆ ದಿನ ನಾನು ಅದನ್ನೇ ಕೇಳಿದ್ದು.

ಹಾಗಾದರೆ ಆ ದಿನವನ್ನು ಹಾಳು ಮಾಡಿಕೊಳ್ಳದೆ ಇರುವುದು ಹೇಗೆ?

ಮೊದಲು, ಬಸ್ಸಿನಲ್ಲೇ ನಿಮಗೆ ಬೇಕೇಬೇಕಾದ ಮೂರು ರೈಡುಗಳನ್ನು ಬರೆದುಕೊಳ್ಳಿ. ಗೇಟು ದಾಟಿದ ಕೂಡಲೇ ಅದರಲ್ಲಿ ತೆರೆದಿರುವುದಕ್ಕೆ ಹೋಗಿ. ಊಟದ ಮೇಲೆ ಹೋಗುವ ಎಂದು ಇಟ್ಟುಕೊಂಡದ್ದು ಆಮೇಲೆ ಬಂದ್ ಆದರೆ ಸರಿಪಡಿಸಲಿಕ್ಕೆ ಸಮಯ ಉಳಿದಿರುವುದಿಲ್ಲ. ನಾವು ಮಾಡಿದ್ದು ಇದೇ ತಪ್ಪು.

ಸಾಲಿಗೆ ಸೇರುವ ಮುಂಚೆ ಲೆಕ್ಕ ಹಾಕಿ. ಬಂಡಿಯಲ್ಲಿ 20 ಸೀಟು, ಮೂರು ನಿಮಿಷಕ್ಕೊಂದು ಸುತ್ತು ಎಂದಾದರೆ ಗಂಟೆಗೆ 400 ಜನ. ನಿಮ್ಮ ಮುಂದೆ 200 ಜನರಿದ್ದರೆ ಅರ್ಧ ಗಂಟೆ. ಆದರೆ ರೈಡ್ ನಿಂತಾಗ ಗಂಟೆಗೆ ಸೊನ್ನೆ ಜನ. ಸೊನ್ನೆಯಿಂದ ಭಾಗಿಸಲಿಕ್ಕೆ ಬರುವುದಿಲ್ಲವಲ್ಲ, ಹಾಗಾಗಿ ಎಷ್ಟು ಹೊತ್ತು ಎಂದು ಯಾರಿಗೂ ಹೇಳಲಿಕ್ಕಾಗುವುದಿಲ್ಲ. ಹದಿನೈದು ನಿಮಿಷ ಎಂದು ಗಡುವು ಹಾಕಿಕೊಳ್ಳಿ. ತೆರೆಯದಿದ್ದರೆ ಬೇರೆ ಕಡೆ ಹೋಗಿ, ಮತ್ತೆ ಬನ್ನಿ. "ಒಂದು ಗಂಟೆ ನಿಂತಾಯಿತು, ಈಗ ಹೇಗೆ ಬಿಡುವುದು" ಎಂದು ನಿಂತಲ್ಲೇ ನಿಂತರೆ ಹೋದ ಗಂಟೆ ವಾಪಸು ಬರುವುದಿಲ್ಲ, ಇನ್ನೊಂದು ಹೋಗುತ್ತದೆ.

ಆಪರೇಟರನ್ನು ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳಿ: "ಹವೆಯ ತೊಂದರೆಯಾ, ಯಂತ್ರದ್ದಾ?" ಮಿಂಚಿಗೆ ನಿಲ್ಲಿಸಿದ್ದಾದರೆ ಗುಡುಗು ನಿಂತ ಮೇಲೆ ಅರ್ಧ ಗಂಟೆ ಎಂದು ನೀವೇ ಅಂದಾಜು ಮಾಡಬಹುದು.

ನೀವು ಕೂತ ಬಂಡಿಯೇ ನಿಂತರೆ? ಕೂತಲ್ಲೇ ಕೂತಿರಿ. ಸರಳು ತೆರೆಯಲಿಕ್ಕೆ ನೋಡಬೇಡಿ, ಕೈಕಾಲು ಹೊರಗೆ ಹಾಕಬೇಡಿ. ನಿಂತ ಬಂಡಿಯಲ್ಲಿ ಕೂತವರು ಸುರಕ್ಷಿತ. ಇಳಿಯಲಿಕ್ಕೆ ಹೊರಟವರಿಗೆ ಅಪಾಯ. ಕೆಲಸದವರು ಬಂದು ಇಳಿಸುತ್ತಾರೆ.

ಕಾಯುವ ಹೊತ್ತಿಗೆ ಒಂದು ಕೆಲಸ ಕೊಡುತ್ತೇನೆ. ತೂಗುವ ಹಡಗು ಎಂಬ ರೈಡ್ ಎಲ್ಲ ಕಡೆ ಉಂಟು. ಅದು ದೊಡ್ಡ ಲೋಲಕ. ಆ ಕಡೆಯಿಂದ ಈ ಕಡೆ ಬಂದು ವಾಪಸು ಹೋದರೆ ಒಂದು ಆಂದೋಲನ. ಹತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ನೋಡಿ, ಹತ್ತರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಲೋಲಕದ ಉದ್ದ ಸುಮಾರಾಗಿ ಮೀಟರಿನಲ್ಲಿ ಸಿಗುತ್ತದೆ. ತೂಗು ಜೋರಾದಷ್ಟೂ ಉತ್ತರ ಸ್ವಲ್ಪ ಹೆಚ್ಚು ಬರುತ್ತದೆ. ಯಾಕೆಂದು ನಿಮ್ಮ ಟೀಚರನ್ನು ಕೇಳಿ.

ನಮ್ಮ ಹುಡುಗಿ ಅದನ್ನು ಮಾಡಿದಳು. ಹತ್ತಕ್ಕೆ 62 ಸೆಕೆಂಡು. ಅಂದರೆ ಒಂದಕ್ಕೆ 6.2, ಉದ್ದ ಸುಮಾರು ಒಂಬತ್ತೂವರೆ ಮೀಟರ್. ಬಸ್ಸಿನ ಟಿಕೆಟಿನ ಹಿಂದೆ ಬರೆದಿಟ್ಟಳು. ರೋಲರ್ ಕೋಸ್ಟರ್ ಮಾತ್ರ ನಾವು ಹೊರಡುವವರೆಗೂ ತೆರೆಯಲಿಲ್ಲ. ಅವಳಿಗೆ ಬೇಜಾರಾಯಿತು, ನನಗೂ. ವಿಜ್ಞಾನ ಗೊತ್ತಿದ್ದರೆ ಬೇಜಾರು ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಯಾರ ಮೇಲೆ ಸಿಟ್ಟು ಮಾಡಬಾರದು ಎಂದು ಗೊತ್ತಾಗುತ್ತದೆ. ಮುಂದಿನ ಸಲ ಹೋದಾಗ ಆ ಹುಡುಗ ಸಿಕ್ಕಿದರೆ ಕ್ಷಮೆ ಕೇಳಲಿಕ್ಕುಂಟು.

ಕೊನೆಗೆ ಒಂದು ಮಾತು. ಥೀಮ್ ಪಾರ್ಕಿಗೆ ಹೋಗುವುದು ವರ್ಷಕ್ಕೊಮ್ಮೆ ಆದರೆ ಹೆಚ್ಚು. ನಮ್ಮೂರುಗಳ ಜಾತ್ರೆಗೆ ಬರುವ ತೊಟ್ಟಿಲು ಮತ್ತು ಕೊಲಂಬಸ್ ಹಡಗಿಗೆ ಮಾತ್ರ ನೀವೆಲ್ಲ ಹತ್ತುವವರೇ. ಅಲ್ಲಿ ಹೆಚ್ಚಾಗಿ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ. ಸರಳು ಸರಿಯಾಗಿ ಕೂರಲಿಲ್ಲವೇ, ಬೋಲ್ಟಿನ ಜಾಗದಲ್ಲಿ ಸರಿಗೆ ಸುತ್ತಿದ್ದು ಕಂಡಿತೇ, ಗಾಳಿ ಎದ್ದಿತೇ, ಇಳಿದುಬಿಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ, ಗೆಳೆಯರು ನಗಾಡಿದರೆ ನಗಾಡಲಿ. ಅಲ್ಲಿ "ನಾನು ಒಪ್ಪುವುದಿಲ್ಲ" ಎಂದು ಹೇಳಬೇಕಾದ ಸೆನ್ಸರ್ ನೀವೇ.