ಊದಿದ ರೆಪ್ಪೆಯ ಹಿಂದೆ

ತೊಗರಿ ರಾಶಿ ಮಾಡುವಾಗ ಸಿಡಿದ ಕಾಳು, ಕಬ್ಬಿನ ಹೊಲದಲ್ಲಿ ಬಡಿದ ರವದಿ, ಬೈಕಿನಿಂದ ಬಿದ್ದ ಪೆಟ್ಟು: ಬೀದರ್ ಸೀಮೆಯಲ್ಲಿ ಕಣ್ಣಿಗೆ ಗಾಯವಾಗಲು ಇಷ್ಟೇ ಸಾಕು. ಸ್ವಲ್ಪ ಹೊತ್ತಿನಲ್ಲೇ ರೆಪ್ಪೆ ಊದಿ ಮುಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸಿದರೂ ಪಾಪೆಯ ಮುಂದೆ ರಕ್ತ ನಿಂತಿದ್ದರೆ ಟಾರ್ಚಿನ ಬೆಳಕು ಒಳಗೆ ಇಳಿಯದು. ಆಗ ಔರಾದ್ ಅಥವಾ ಭಾಲ್ಕಿಯ ವೈದ್ಯರಿಗೆ ರೋಗದ ಹೆಸರಿಗಿಂತ ಮೊದಲು ಬೇಕಾದದ್ದು ಒಂದು ತೀರ್ಮಾನ. ರೋಗಿಯನ್ನು ಸುಮಾರು 40 ಕಿ.ಮೀ. ದೂರದ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೆ ಈ ರಾತ್ರಿಯೇ ಕಳಿಸಬೇಕೇ, ಬೆಳಗಿನವರೆಗೆ ಕಾಯಬಹುದೇ? ಹಾಸಿಗೆಯ ಪಕ್ಕದ ಅಲ್ಟ್ರಾಸೌಂಡ್ ಈ ತೀರ್ಮಾನಕ್ಕೇ ನೆರವಾಗಬಲ್ಲದು.

ಕಣ್ಣು ದ್ರವ ತುಂಬಿದ, ಸುಮಾರು 24 ಮಿ.ಮೀ. ಉದ್ದದ ಗುಡ್ಡೆ, ಶಬ್ದದ ಅಲೆ ಸಲೀಸಾಗಿ ಹಾಯುವಂಥದ್ದು. ಮುಚ್ಚಿದ ರೆಪ್ಪೆಯ ಮೇಲೆ ಧಾರಾಳವಾಗಿ ಜೆಲ್ ಹಚ್ಚಿ, ಒತ್ತದೆ ಲೀನಿಯರ್ ಪ್ರೋಬ್ ಹಿಡಿದರೆ ಹಿಂಭಾಗದವರೆಗೂ ಕಾಣುತ್ತದೆ. ಕಳಚಿದ ರೆಟಿನಾ ಅಲೆಯಾಡುವ ಪೊರೆಯಂತೆ ತೋರುತ್ತದೆ, ಆದರೆ ನೇತ್ರನರದ ಬುಡದಲ್ಲಿ ಅಂಟಿಕೊಂಡೇ ಇರುತ್ತದೆ. 2002ರಲ್ಲಿ ಅಮೆರಿಕದ ವೈದ್ಯ ಬ್ಲೈವಾಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 61 ರೋಗಿಗಳ ಪೈಕಿ 60 ಮಂದಿಯಲ್ಲಿ ತುರ್ತು ವೈದ್ಯರ ಸ್ಕ್ಯಾನ್ ಮುಂದಿನ ಪರೀಕ್ಷೆಗಳೊಂದಿಗೆ ತಾಳೆಯಾಯಿತು. 2019ರಲ್ಲಿ 225 ರೋಗಿಗಳ ಅಧ್ಯಯನ ಹೆಚ್ಚು ಎಚ್ಚರದ ಚಿತ್ರ ಕೊಟ್ಟಿತು: ರೆಟಿನಾ ಕಳಚಿದ್ದನ್ನು ಶೇ 96.9ರಷ್ಟು ಹಿಡಿದ ಸ್ಕ್ಯಾನ್, ಕಣ್ಣೊಳಗಿನ ಲೋಳೆದ್ರವ ಬೇರ್ಪಟ್ಟಿದ್ದನ್ನು ಶೇ 42.5ರಷ್ಟು ಮಾತ್ರ ಹಿಡಿಯಿತು. ಎರಡನೆಯದು ಸಾಮಾನ್ಯವಾಗಿ ದೃಷ್ಟಿಯನ್ನೇ ಕಸಿಯುವಂಥದ್ದಲ್ಲ. ಮೊದಲನೆಯದರಲ್ಲಿ ತಡವಾದರೆ ದೃಷ್ಟಿ ಮರಳದೇ ಹೋಗಬಹುದು. ಹಾಗಾಗಿ ಈ ಕೊರತೆ ನಮ್ಮ ತೀರ್ಮಾನವನ್ನು ಹೆಚ್ಚು ಕದಲಿಸದು. ಆ ಅಧ್ಯಯನದಲ್ಲಿ ರೆಟಿನಾ ಸರಿಯಿದ್ದ ಕೆಲವರಲ್ಲೂ ಕಳಚಿದೆ ಎಂಬ ತಪ್ಪು ಎಚ್ಚರಿಕೆ ಬಂದಿತ್ತು. ಇಲ್ಲಿಯೂ ಹಾಗಾದರೆ ಕೆಲವರು ಒಂದು ದಿನದ ಕೂಲಿ ಬಿಟ್ಟು ಸುಮ್ಮನೆ ಬೀದರಿಗೆ ಹೋಗಿಬರಬೇಕಾಗುತ್ತದೆ. ಅದು ಸಣ್ಣ ಬೆಲೆಯಲ್ಲ, ಆದರೂ ಕಣ್ಣಿನ ಬೆಲೆಗಿಂತ ಕಡಿಮೆ.

ದೊಡ್ಡ ಆಕ್ಷೇಪ ಒಡೆದ ಗುಡ್ಡೆಯದು. ಒತ್ತಿದರೆ ಒಳಗಿನದು ಹೊರಬರುವ ಅಪಾಯವಿದೆ ಎಂಬುದು ನಿಜ. ಪಾಪೆ ಹನಿಯಾಕಾರಕ್ಕೆ ಎಳೆದುಕೊಂಡಿದ್ದರೆ, ಗಾಯ ತೆರೆದಿದ್ದರೆ ಪ್ರೋಬ್ ಮುಟ್ಟಿಸಲೇಬಾರದು. ಕಣ್ಣಿಗೆ ತಾಗದಂತೆ ಗಟ್ಟಿ ರಕ್ಷೆ ಕಟ್ಟಿ, ಟೆಟನಸ್ ಚುಚ್ಚುಮದ್ದು ನೋಡಿಕೊಂಡು, ಹೊಟ್ಟೆಗೆ ಏನೂ ಕೊಡದೆ ಕೂಡಲೇ ಕಳಿಸಬೇಕು. ಕಬ್ಬಿಣದ ಚೂರಿನ ಶಂಕೆ ಇದ್ದರೆ ಸಿಟಿ ಸ್ಕ್ಯಾನ್ ಬೇಕು; ಎಂಆರ್‌ಐ ಕೂಡದು.

ಇನ್ನೊಂದು ತೊಡಕು ಕಾನೂನಿನದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರ ನೋಂದಣಿಯಾಗಿರಬೇಕು, ಪೋರ್ಟಬಲ್ ಯಂತ್ರವನ್ನು ಬೇಕೆಂದಲ್ಲಿಗೆ ಒಯ್ಯುವಂತಿಲ್ಲ. ಹೆಣ್ಣುಮಕ್ಕಳ ಉಳಿವಿಗಾಗಿ ಬಂದ ಈ ಬಿಗಿ ಸಡಿಲವಾಗಬಾರದು. ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ನೋಂದಾಯಿತ ಯಂತ್ರವನ್ನು ಲೀನಿಯರ್ ಪ್ರೋಬ್ ಒಂದನ್ನೇ ಇಟ್ಟು ಬಳಸಲು ಆರೋಗ್ಯ ಇಲಾಖೆ ಸ್ಪಷ್ಟ ಅನುಮತಿ ಕೊಡಲಿ. ಆ ಪ್ರೋಬಿನ ಅಲೆ ಹೆಚ್ಚು ಆಳಕ್ಕೆ ಇಳಿಯದಾದ್ದರಿಂದ ಭ್ರೂಣಲಿಂಗ ಪತ್ತೆಗೆ ಅದು ಸುಲಭವಾಗಿ ಒದಗದು. ಬ್ರಿಮ್ಸ್‌ನ ನೇತ್ರ ವಿಭಾಗ ಔರಾದ್, ಭಾಲ್ಕಿಯ ವೈದ್ಯರಿಗೆ ತರಬೇತಿ ಕೊಟ್ಟು, ಅವರು ಕಳಿಸುವ ಮೊದಮೊದಲ ಚಿತ್ರಗಳನ್ನು ತಾನೇ ನೋಡಿ ತಿದ್ದಲಿ.